‘ಮಿ ಪಿಯಾಚೆ’ ಮತ್ತು ‘ನನಗೆ ಹಿಡಿಸುತ್ತದೆ’: ಆರಂಭಿಕ ಇಟಾಲಿಯನ್ ವ್ಯಾಕರಣಗಳಲ್ಲಿ ಇಂಗ್ಲಿಷಿನ ಮಧ್ಯಸ್ಥಿಕೆ

ಇಟಾಲಿಯನ್ ಭಾಷೆಯನ್ನು ಹೊಸದಾಗಿ ಕಲಿಯುವವರಿಗೆಂದು ಇಂಗ್ಲಿಷಿನಲ್ಲಿ ರಚಿತವಾದ ವ್ಯಾಕರಣಗಳಲ್ಲಿ ‘ಪಿಯಚೇರೆ’ ಎಂಬ ಕ್ರಿಯಾಪದದ ಪಾಠವು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕಗೊಂಡಿರುತ್ತದೆ. ಮೊದಲು ಒಂದು ಎಚ್ಚರಿಕೆ: ಇಂಗ್ಲಿಷಿನ ‘ಐ ಲೈಕ್’ ಎಂಬುದನ್ನು ಇಟಾಲಿಯನ್ನಿಗೆ ನೇರವಾಗಿ ತರಲಾಗದು. ಅನಂತರ ಒಂದು ಉಪಾಯ: ವಾಕ್ಯವನ್ನು ತಿರುಗಿಸಿ, ‘ಅದು ನನಗೆ ಪ್ರಿಯವಾಗಿದೆ’ ಎಂದು ಇಂಗ್ಲಿಷಿನಲ್ಲಿ ಯೋಚಿಸಿ, ಬಳಿಕ ಅನುವಾದಿಸಿ. ಕೊನೆಗೆ ಒಂದು ಸಮಾಧಾನ: ಇಂತಹ ‘ತಲೆಕೆಳಗಾದ’ ಕ್ರಿಯಾಪದಗಳು ಇನ್ನೂ ಕೆಲವಿವೆ, ಅವುಗಳನ್ನು ಮುಂದೆ ನೋಡೋಣ. ಇಂಗ್ಲಿಷನ್ನು ಮನೆಮಾತಾಗಿ ಉಳ್ಳವನಿಗೆ ಇದು ಯೋಗ್ಯವಾದ ಬೋಧನೆಯೇ. ಆದರೆ ಇದೇ ಪುಸ್ತಕ ಬೆಂಗಳೂರಿನ ಅಥವಾ ಧಾರವಾಡದ ವಿದ್ಯಾರ್ಥಿಯ ಕೈಗೆ ಬಂದಾಗ ಆಗುವುದೇನು? ‘ನನಗೆ ಹಿಡಿಸುತ್ತದೆ’ ಎಂದು ಹುಟ್ಟಿನಿಂದ ಹೇಳುತ್ತ ಬಂದವಳು ಮೊದಲು ಆ ವಾಕ್ಯವನ್ನು ಬದಿಗಿಟ್ಟು ‘ಐ ಲೈಕ್’ ಎಂಬಲ್ಲಿಗೆ ಹೋಗಬೇಕು. ಅಲ್ಲಿಂದ ಅದನ್ನು ತಲೆಕೆಳಗು ಮಾಡಿ ‘ಮಿ ಪಿಯಾಚೆ’ಗೆ ಬರಬೇಕು. ಎರಡು ಸಲ ತಿರುಗಿ ಅವಳು ತಲುಪುವುದು ತಾನು ಹೊರಟ ಜಾಗವನ್ನೇ.

ಇಲ್ಲಿ ಯಾವುದೇ ಒಂದು ಪುಸ್ತಕವನ್ನು ಹೆಸರಿಸಿ ದೂರುವ ಉದ್ದೇಶವಿಲ್ಲ. ಇದು ಒಬ್ಬ ಲೇಖಕರ ದೋಷವಲ್ಲ, ಒಂದು ಬರವಣಿಗೆಯ ಪ್ರಕಾರದ ಅಭ್ಯಾಸ. ಆ ಅಭ್ಯಾಸದಲ್ಲಿ ‘ಕಠಿಣ’, ‘ಅಪವಾದ’, ‘ವಿಶೇಷ’ ಎಂಬ ಪದಗಳು ಇಟಾಲಿಯನ್ನಿನ ಗುಣಗಳನ್ನು ಹೇಳುವಂತೆ ಕಂಡರೂ ವಾಸ್ತವದಲ್ಲಿ ಇಟಾಲಿಯನ್ನಿಗೂ ಇಂಗ್ಲಿಷಿಗೂ ಇರುವ ಅಂತರವನ್ನಷ್ಟೇ ಅಳೆಯುತ್ತವೆ ಎಂಬುದು ನನ್ನ ವಾದ. ಅಳತೆಗೋಲು ಕಾಣದೆ ಇರುವುದರಿಂದ ಅಳತೆಯೇ ವಸ್ತುವಿನ ಗುಣವೆಂದು ತೋರುತ್ತದೆ. ಈ ಲೇಖನದಲ್ಲಿ ಇಟಾಲಿಯನ್ ಉದಾಹರಣೆಗಳನ್ನು ಉಚ್ಚಾರಣೆಗನುಸಾರವಾಗಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಒತ್ತು ಬೀಳುವ ತೆರೆದ ಅಕ್ಷರದ ಸ್ವರವನ್ನು ದೀರ್ಘವಾಗಿ ಬರೆದಿದ್ದೇನೆ. ಅದಕ್ಕೆ ಕಾರಣವೂ ಇದೆ, ಮುಂದೆ ಹೇಳುತ್ತೇನೆ.

‘ತಲೆಕೆಳಗು’ ಎಂಬ ನೋಟವನ್ನು ಪಠ್ಯಪುಸ್ತಕಕಾರರ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ನಮ್ಮ ಶಾಸ್ತ್ರವೂ ಅದನ್ನೇ ಹೇಳಿದ್ದುಂಟು. ಡೇವಿಡ್ ಪರ್ಲ್‌ಮಟರ್ 1979ರಲ್ಲಿ ಇಟಾಲಿಯನ್, ಜಪಾನೀ ಮತ್ತು ಕೆಚುವಾ ಭಾಷೆಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಈ ರಚನೆಗೆ ಕೊಟ್ಟ ಹೆಸರೇ ‘ವಿಪರ್ಯಯ’ ಎಂಬರ್ಥದ್ದು. ಸಂಬಂಧ ವ್ಯಾಕರಣದ ಆ ವಿಶ್ಲೇಷಣೆಯಲ್ಲಿ ಅನುಭವಿಸುವವನು ಮೂಲದಲ್ಲಿ ಕರ್ತೃ; ಅನಂತರ ಅವನು ಕೆಳಗಿಳಿದು ಚತುರ್ಥಿಯ ಸ್ಥಾನಕ್ಕೆ ಬರುತ್ತಾನೆ. ಅಂದರೆ ಆಳದಲ್ಲಿ ಎಲ್ಲರೂ ‘ಐ ಲೈಕ್’ ಎನ್ನುವವರೇ, ಮೇಲ್ಮೈಯಲ್ಲಿ ಕೆಲವರು ‘ಮಿ ಪಿಯಾಚೆ’ ಎನ್ನುತ್ತಾರೆ, ಅಷ್ಟೆ. ಪರ್ಲ್‌ಮಟರ್ ಅವರ ಸಾಕ್ಷ್ಯ ಪಠ್ಯಪುಸ್ತಕಗಳದಕ್ಕಿಂತ ಎಷ್ಟೋ ಗಟ್ಟಿಯಾದದ್ದು ಎಂಬುದನ್ನು ಒಪ್ಪಲೇಬೇಕು. ಆದರೂ ಹೆಸರಿನ ಭಾರ ಉಳಿಯಿತು. 1988ರಲ್ಲಿ ಆಡ್ರಿಯಾನಾ ಬೆಲ್ಲೆತ್ತಿ ಮತ್ತು ಲುಯಿಜಿ ರಿಟ್ಸಿ ಇಟಾಲಿಯನ್ನಿನ ಮನೋವ್ಯಾಪಾರದ ಕ್ರಿಯಾಪದಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದಾಗ ‘ಪಿಯಚೇರೆ’ಯ ಚಿತ್ರ ಬದಲಾಯಿತು. ಅವರ ಪ್ರಕಾರ ಈ ವರ್ಗದ ಕ್ರಿಯಾಪದಕ್ಕೆ ಹುಟ್ಟಿನಿಂದಲೇ ಕರ್ತೃವಾದ ಪದವೊಂದು ಇಲ್ಲ. ಅನುಭವಿಯೂ ಅನುಭವದ ವಿಷಯವೂ ಕ್ರಿಯಾಪದದ ಒಳವಲಯದಲ್ಲೇ ಜನಿಸುತ್ತವೆ, ಎರಡರಲ್ಲಿ ಯಾವುದಾದರೂ ವಾಕ್ಯದ ಮೊದಲಿಗೆ ಬರಬಹುದು. ‘ಅ ಮರೀಯ ಪಿಯಾಚೆ ಲ ಮೂಸಿಕ’ ಎಂಬುದೂ ‘ಲ ಮೂಸಿಕ ಪಿಯಾಚೆ ಅ ಮರೀಯ’ ಎಂಬುದೂ ಸಮಾನ ಹಕ್ಕಿನ ವಾಕ್ಯಗಳು. ‘ಮರಿಯಾಳಿಗೆ ಸಂಗೀತ ಇಷ್ಟ’, ‘ಸಂಗೀತ ಮರಿಯಾಳಿಗೆ ಇಷ್ಟ’ ಎನ್ನುವ ನಮಗೆ ಇದರಲ್ಲಿ ವಿಪರ್ಯಯವೆಂಬುದು ಕಾಣುವುದೇ ಕಷ್ಟ.

ಇಷ್ಟಕ್ಕೂ ಇಂಗ್ಲಿಷೇ ಈ ದಾರಿಯಲ್ಲಿ ಹಿಂದೆ ನಡೆದಿತ್ತು. ಇಂದಿನ ‘ಲೈಕ್’ ಎಂಬುದರ ಹಳೆಯ ಇಂಗ್ಲಿಷ್ ರೂಪ ‘ಹಿಡಿಸು’ ಎಂಬರ್ಥದ್ದಾಗಿದ್ದು ಅನುಭವಿಯನ್ನು ಚತುರ್ಥಿಯಲ್ಲೇ ಬೇಡುತ್ತಿತ್ತು. ಚತುರ್ಥಿ ಪ್ರತ್ಯಯಗಳು ಅಳಿದು ಪದಕ್ರಮ ಬಿಗಿಯಾದ ಮೇಲೆ ಅನುಭವಿಯು ಕರ್ತೃವಾದನು. ತಿರುಗಿದ್ದು ಇಂಗ್ಲಿಷ್, ಇಟಾಲಿಯನ್ ನಿಂತಲ್ಲೇ ನಿಂತಿತು. ಭಾರತೀಯ ವ್ಯಾಕರಣ ಪರಂಪರೆಯಲ್ಲಂತೂ ಇದನ್ನು ಅಪವಾದವೆಂದು ಎಣಿಸಿದವರಿಲ್ಲ. ಪಾಣಿನಿಯ ಅಷ್ಟಾಧ್ಯಾಯಿಯ 1.4.33ನೆಯ ಸೂತ್ರವು ರುಚಿಸುವ ಅರ್ಥದ ಧಾತುಗಳ ಪ್ರಯೋಗದಲ್ಲಿ ಪ್ರೀತಿಗೊಳ್ಳುವವನಿಗೆ ಸಂಪ್ರದಾನ ಸಂಜ್ಞೆಯನ್ನು ವಿಧಿಸುತ್ತದೆ. ಕೊಡುವ ಕ್ರಿಯೆಯಲ್ಲಿ ಪಡೆಯುವವನಿಗೆ ಯಾವ ಸ್ಥಾನವೋ ರುಚಿಸುವ ಕ್ರಿಯೆಯಲ್ಲಿ ಸವಿಯುವವನಿಗೂ ಅದೇ ಸ್ಥಾನ. ಸಂಸ್ಕೃತ ವ್ಯಾಕರಣವನ್ನು ಓದಿದ ವಿದ್ಯಾರ್ಥಿಗಳು ನಮ್ಮ ವಿಭಾಗಗಳಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಇಟಾಲಿಯನ್ ಕಲಿಸುವಾಗ ಈ ಸೂತ್ರವನ್ನು ನೆನಪಿಸುವ ಬದಲು ‘ಇಟ್ ಈಸ್ ಪ್ಲೀಸಿಂಗ್ ಟು ಮಿ’ ಎಂಬ, ಯಾವ ಇಂಗ್ಲಿಷ್ ಮನೆಯಲ್ಲೂ ಆಡದ ವಾಕ್ಯವನ್ನು ಬಾಯಿಪಾಠ ಮಾಡಿಸುವುದು ವಿಚಿತ್ರವೇ ಸರಿ.

ಕನ್ನಡದ ಸಂಗತಿಗೆ ಬರೋಣ. ‘ನನಗೆ ಇಷ್ಟ’ ಎಂಬುದೇ ‘ಮಿ ಪಿಯಾಚೆ’ಯ ಸಹಜ ಸಂವಾದಿ ಎಂದು ಯಾರಿಗಾದರೂ ಮೊದಲು ತೋರುತ್ತದೆ. ವಿಭಕ್ತಿಯ ಮಟ್ಟಿಗೆ ಅದು ಸರಿ, ಕ್ರಿಯಾಪದದ ಹೊಂದಾಣಿಕೆಯ ಮಟ್ಟಿಗೆ ಸಾಲದು. ಇಟಾಲಿಯನ್ನಿನಲ್ಲಿ ಹಿಡಿಸಿದ ವಸ್ತು ಒಂದಾದರೆ ‘ಮಿ ಪಿಯಾಚೆ’, ಹಲವಾದರೆ ‘ಮಿ ಪಿಯಚ್ಚೊನೊ’. ಕನ್ನಡದ ‘ಇಷ್ಟ’ವು ಕ್ರಿಯಾಪದವಿಲ್ಲದ ನಾಮಾಖ್ಯಾತವಾದ್ದರಿಂದ ಹಾಡು ಒಂದಿದ್ದರೂ ನೂರಿದ್ದರೂ ಅದು ಬದಲಾಗದು. ಹೀಗಾಗಿ ‘ನನಗೆ ಈ ಹಾಡುಗಳು ಇಷ್ಟ’ ಎಂಬುದನ್ನು ನೆಚ್ಚಿಕೊಂಡವನು ‘ಮಿ ಪಿಯಾಚೆ ಕ್ವೆಸ್ತೆ ಕಂತ್ಸೋನಿ’ ಎಂದು ಏಕವಚನದಲ್ಲಿ ಜಾರುವ ಸಾಧ್ಯತೆ ಇದೆ. ಇಂಗ್ಲಿಷ್ ಭಾಷಿಕನೂ ಇದೇ ತಪ್ಪನ್ನು ಮಾಡುತ್ತಾನೆ, ಆದರೆ ಕಾರಣ ಬೇರೆ: ಅವನ ಮನಸ್ಸಿನಲ್ಲಿ ಕರ್ತೃ ‘ನಾನು’. ಹೊರಗಿನಿಂದ ನೋಡಿದರೆ ಒಂದೇ ದೋಷ, ಒಳಗಿನಿಂದ ಎರಡು. ತಪ್ಪುಗಳ ಪಟ್ಟಿ ಮಾಡಿ ಎಣಿಸುವ ಸಂಶೋಧನೆಗಳು ಈ ವ್ಯತ್ಯಾಸವನ್ನು ಹಿಡಿಯಲಾರವು.

ಕನ್ನಡದಲ್ಲಿ ಹೊಂದಾಣಿಕೆಯೇ ಇಲ್ಲವೆಂದಲ್ಲ, ಅದು ಬೇರೆಡೆ ಅಡಗಿದೆ. ‘ಆಗು’ ಸೇರಿದೊಡನೆ ಅದು ಹೊರಬರುತ್ತದೆ: ‘ನನಗೆ ಆ ಊರು ಇಷ್ಟವಾಯಿತು’, ‘ನನಗೆ ಆ ಹಾಡುಗಳು ಇಷ್ಟವಾದವು’, ‘ನನಗೆ ಆಕೆ ಇಷ್ಟವಾದಳು’. ಕ್ರಿಯಾಪದವು ಚತುರ್ಥಿಯಲ್ಲಿರುವ ನನ್ನನ್ನು ಲೆಕ್ಕಿಸದೆ ಪ್ರಥಮೆಯಲ್ಲಿರುವ ಊರನ್ನೋ ಹಾಡುಗಳನ್ನೋ ಆಕೆಯನ್ನೋ ಅನುಸರಿಸುತ್ತದೆ. ಇಟಾಲಿಯನ್ನಿನ ಭೂತಕಾಲವೂ ಹೀಗೆಯೇ: ‘ಮಿ ಎ ಪಿಯಚೂತ ಲ ಚಿತ್ತ’ ಎಂದರೆ ಊರು ಹಿಡಿಸಿತು, ‘ಮಿ ಸೋನೊ ಪಿಯಚೂತೆ ಲೆ ಕಂತ್ಸೋನಿ’ ಎಂದರೆ ಹಾಡುಗಳು ಹಿಡಿಸಿದವು. ಸಹಾಯಕ ಕ್ರಿಯಾಪದ ವಚನವನ್ನೂ ಭೂತ ಕೃದಂತ ಲಿಂಗವಚನಗಳೆರಡನ್ನೂ ತೋರಿಸುತ್ತವೆ. ವರ್ತಮಾನಕಾಲದಲ್ಲಿ ಇಂತಹ ಕೆಲಸ ಮಾಡಬಲ್ಲ ಕನ್ನಡ ಪದ ‘ಇಷ್ಟ’ವಲ್ಲ, ‘ಹಿಡಿಸು’. ‘ನನಗೆ ಈ ಹಾಡು ಹಿಡಿಸುತ್ತದೆ’, ‘ನನಗೆ ಈ ಹಾಡುಗಳು ಹಿಡಿಸುತ್ತವೆ’. ‘ಪಿಯಾಚೆ’, ‘ಪಿಯಚ್ಚೊನೊ’ ಎಂಬ ಎರಡು ರೂಪಗಳಿಗೆ ಎರಡು ರೂಪಗಳು ಎದುರುಬದುರು ನಿಲ್ಲುತ್ತವೆ. ಕನ್ನಡಿಗರಿಗೆಂದು ಯಾರಾದರೂ ಇಟಾಲಿಯನ್ ಪಾಠವನ್ನು ಬರೆದರೆ ಅರ್ಥಸೂಚಿಯಲ್ಲಿ ‘ಇಷ್ಟ’ದ ಬದಲು ‘ಹಿಡಿಸು’ ಎಂದು ಬರೆಯುವುದು ಸಣ್ಣ ವಿಷಯದಂತೆ ಕಂಡೀತು. ಅರ್ಧ ಪಾಠ ಅಲ್ಲಿಗೇ ಮುಗಿಯುತ್ತದೆ.

ಇಂಗ್ಲಿಷಿನ ಮೂಲಕ ಹೋದವರು ಎಡವುವ ಇನ್ನೊಂದು ಜಾಗ ‘ನನಗೂ’ ಎಂಬ ಉತ್ತರ. ಒಬ್ಬರು ‘ಮಿ ಪಿಯಾಚೆ ಇಲ್ ಕಫ್ಫೆ’ ಎಂದರೆ, ಒಪ್ಪುವವರು ‘ಅಂಕೆ ಅ ಮೆ’ ಎನ್ನಬೇಕು. ‘ಅಂಕೀಯೊ’ ಎನ್ನಬಾರದು. ಮೊದಲನೆಯದು ‘ನನಗೂ’, ಎರಡನೆಯದು ‘ನಾನೂ’. ‘ನಾನು ಮಿಲಾನಿಗೆ ಹೋಗುತ್ತೇನೆ’ ಎಂದವರಿಗೆ ಮಾತ್ರ ‘ಅಂಕೀಯೊ’ ಸಲ್ಲುತ್ತದೆ. ಇಂಗ್ಲಿಷಿನ ‘ಮಿ ಟೂ’ ಈ ಎರಡನ್ನೂ ನುಂಗಿ ಕುಳಿತಿರುವುದರಿಂದ ಪುಸ್ತಕಗಳು ಇದಕ್ಕೆ ಒಂದು ಪ್ರತ್ಯೇಕ ನಿಯಮವನ್ನು ಕಟ್ಟಬೇಕಾಗುತ್ತದೆ. ಕನ್ನಡದ ಮಗು ಐದನೆಯ ವರ್ಷಕ್ಕೆ ಕಾಲಿಡುವ ಮುನ್ನವೇ ‘ನಂಗೂ ಇಷ್ಟ’ ಎಂದೂ ‘ನಾನೂ ಬರ್ತೀನಿ’ ಎಂದೂ ತಪ್ಪದೆ ಹೇಳುತ್ತದೆ. ಆ ಜ್ಞಾನ ತರಗತಿಗೆ ಬಂದು ಕುಳಿತಿರುವಾಗ ಅದನ್ನು ಮಾತನಾಡಿಸದೆ ನಿಯಮ ಸಂಖ್ಯೆ ಇಷ್ಟು ಎಂದು ಬರೆಸುವುದು ಬೋಧನೆಯ ಲೋಪವೆಂದೇ ನನ್ನ ಎಣಿಕೆ. ‘ಅ ಮೆ ಸಿ, ಅ ಲೂಯಿ ನೊ’ ಎಂಬ ನಿತ್ಯದ ಮಾತನ್ನೂ ಇದರ ಜೊತೆಗೆ ಇಡಬಹುದು: ನನಗೆ ಹೌದು, ಅವನಿಗೆ ಇಲ್ಲ. ಒತ್ತಿ ಹೇಳುವ ‘ಅ ಮೆ’ಗೂ ಒತ್ತಿಲ್ಲದ ‘ಮಿ’ಗೂ ಇರುವ ಅಂತರ ‘ನನಗಂತೂ’ ಎಂಬುದಕ್ಕೂ ಬರಿಯ ‘ನನಗೆ’ ಎಂಬುದಕ್ಕೂ ಇರುವ ಅಂತರಕ್ಕೆ ಹತ್ತಿರವಾದದ್ದು. ಎರಡನ್ನೂ ಸೇರಿಸಿ ‘ಅ ಮೆ ಮಿ ಪಿಯಾಚೆ’ ಎನ್ನುವುದನ್ನು ಇಟಲಿಯ ಶಾಲಾ ಶಿಕ್ಷಕರು ತಲೆಮಾರುಗಳಿಂದ ಕೆಂಪು ಶಾಯಿಯಲ್ಲಿ ತಿದ್ದುತ್ತ ಬಂದಿದ್ದಾರೆ. ಫ್ರಾಂಚೆಸ್ಕೊ ಸಬತೀನಿ 1985ರಲ್ಲಿ ‘ಮಧ್ಯಮ ಬಳಕೆಯ ಇಟಾಲಿಯನ್’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಾಗ ಅದರ ಲಕ್ಷಣಗಳ ಪಟ್ಟಿಯಲ್ಲಿ ಈ ಪ್ರಯೋಗಕ್ಕೂ ಸ್ಥಾನ ಕೊಟ್ಟರು. ಆರಂಭಿಕನಿಗೆ ಇದನ್ನು ಕಲಿಸಬೇಕಿಲ್ಲ. ಬೀದಿಯಲ್ಲಿ ಕೇಳಿದಾಗ ಗಾಬರಿಯಾಗದಷ್ಟು ತಿಳಿಸಿದರೆ ಸಾಕು.

‘ಸಾಕು’ ಎಂದೆ. ಆ ಪದವೇ ನಮ್ಮನ್ನು ಮುಂದಿನ ಸಂಗತಿಗೆ ಒಯ್ಯುತ್ತದೆ. ನಿತ್ಯದ ಶಬ್ದಸಂಪತ್ತಿನ ಬೋಧನೆಯಲ್ಲಿ ಆರಂಭಿಕ ಪುಸ್ತಕಗಳು ವಿಷಯವಾರು ನಾಮಪದಗಳನ್ನು ಪೇರಿಸುತ್ತವೆ: ಅಡುಗೆಮನೆ, ಹಣ್ಣುಹಂಪಲು, ಬಣ್ಣಗಳು, ಬಟ್ಟೆಬರೆ. ತುಲ್ಲಿಯೊ ದೆ ಮೌರೊ 1980ರಲ್ಲಿ ಪ್ರಕಟಿಸಿದ ಇಟಾಲಿಯನ್ನಿನ ಮೂಲ ಶಬ್ದಾವಳಿ ಈ ಅಭ್ಯಾಸವನ್ನು ಪರೀಕ್ಷಿಸಲು ಒಳ್ಳೆಯ ಸಾಧನ. ಸುಮಾರು 7000 ಪದಗಳ ಆ ಶಬ್ದಾವಳಿಯನ್ನು ಅವರು ಮೂರು ಪದರಗಳಾಗಿ ಮಾಡಿದರು. ತಿರುಳಿನಲ್ಲಿ ಸುಮಾರು 2000 ಮೂಲಭೂತ ಪದಗಳು, ಅದರ ಹೊರಗೆ ಹೆಚ್ಚು ಬಳಕೆಯ ಪದಗಳು, ಕೊನೆಗೆ ‘ಕೈಗೆಟಕುವ’ ಪದಗಳು. ಈ ಕೊನೆಯ ಪದರದವು ಮಾತಿನಲ್ಲಿ ಬರಹದಲ್ಲಿ ಅಪರೂಪವಾಗಿ ಬಂದರೂ ಮನೆಯ ವಸ್ತುಗಳಿಗೆ, ದೇಹಕ್ಕೆ, ದಿನಚರಿಗೆ ಅಂಟಿಕೊಂಡವಾದ್ದರಿಂದ ಎಲ್ಲರ ಮನಸ್ಸಿನಲ್ಲೂ ಸಿದ್ಧವಾಗಿರುತ್ತವೆ. ವಿಷಯವಾರು ಪಟ್ಟಿಗಳ ಒಲವು ಇಂತಹ ವಸ್ತುನಾಮಗಳ ಕಡೆಗೆ. ವಾಕ್ಯವನ್ನು ನಡೆಸುವ ಸಾಧಾರಣ ಕ್ರಿಯಾಪದಗಳು ವ್ಯಾಕರಣದ ಚೌಕಟ್ಟುಗಳಲ್ಲಿ ಹಂಚಿಹೋಗಿ, ಇಂಗ್ಲಿಷಿನಿಂದ ಎಷ್ಟು ದೂರವೋ ಅಷ್ಟು ತಡವಾಗಿ ಬರುತ್ತವೆ.

ಹೀಗೆ ತಡವಾಗಿ ಬರುವವುಗಳಲ್ಲಿ ‘ಬಸ್ತಾರೆ’, ‘ಸೆರ್ವೀರೆ’, ‘ಮಂಕಾರೆ’, ‘ಸೆಂಬ್ರಾರೆ’ ಸೇರಿವೆ. ‘ಬಸ್ತ!’ ಎಂದರೆ ಬಡಿಸುವವರ ಕೈ ತಡೆದು ನಾವು ಹೇಳುವ ‘ಸಾಕು!’. ‘ನೊನ್ ಬಸ್ತ’ ಎಂದರೆ ‘ಸಾಲದು’. ‘ಮಿ ಬಸ್ತನೊ ದೂಯೆ’ ಎಂದರೆ ‘ನನಗೆ ಎರಡು ಸಾಕು’. ‘ಮಿ ಸೆರ್ವೊನೊ ದೂಯೆ ವೋವ’ ಎಂದರೆ ‘ನನಗೆ ಎರಡು ಮೊಟ್ಟೆ ಬೇಕು’, ಅಂದರೆ ಕೆಲಸಕ್ಕೆ ಬೇಕು. ‘ಮಂಕ ಇಲ್ ಸಾಲೆ’ ಎಂದರೆ ‘ಉಪ್ಪು ಕಮ್ಮಿ’ ಅಥವಾ ‘ಉಪ್ಪಿಲ್ಲ’. ಇದೇ ಕ್ರಿಯಾಪದದಿಂದ ‘ನಿನ್ನ ಕೊರತೆ ನನ್ನನ್ನು ಕಾಡುತ್ತಿದೆ’ ಎಂಬರ್ಥದ ‘ಮಿ ಮಂಕಿ’ ಹುಟ್ಟುತ್ತದೆ (ಕನ್ನಡ ಲಿಪಿಯಲ್ಲಿ ಬರೆದಾಗ ತರಗತಿ ಒಮ್ಮೆ ನಗುವುದು ಖಂಡಿತ). ‘ಮಿ ಸೆಂಬ್ರ’ ಎಂದರೆ ‘ನನಗೆ ಅನಿಸುತ್ತದೆ’. ಇವೆಲ್ಲದರಲ್ಲೂ ಅನುಭವಿ ಚತುರ್ಥಿಯಲ್ಲಿ, ಸಾಲುವ ಬೇಕಾಗುವ ಕೊರೆಯಾಗುವ ವಸ್ತು ಪ್ರಥಮೆಯಲ್ಲಿ. ಅಂಗಡಿ, ಅಡುಗೆಮನೆ, ಊಟದ ಮೇಜು ಇವುಗಳಲ್ಲಿ ಇಂತಹ ವಾಕ್ಯಗಳಿಲ್ಲದೆ ಒಂದು ದಿನವೂ ಕಳೆಯದು. ಆದರೂ ಇವು ‘ಪಿಯಚೇರೆಯಂತಹ ಇತರ ಕ್ರಿಯಾಪದಗಳು’ ಎಂಬ ತಲೆಬರಹದಡಿ, ಮುಳ್ಳುಚಮಚಕ್ಕೂ ಮೇಜಿನ ಬಟ್ಟೆಗೂ ಹೆಸರು ಕಲಿತಾದ ಎಷ್ಟೋ ಪಾಠಗಳ ನಂತರ ಬರುತ್ತವೆ. ಕನ್ನಡಿಗನಿಗೆ ಇವು ಮೊದಲ ವಾರದ ಸರಕು.

‘ವೆನೀರೆ’, ಅಂದರೆ ‘ಬರು’ ಎಂಬ ಕ್ರಿಯಾಪದದ ಒಂದು ಪ್ರಯೋಗವನ್ನು ಇದಕ್ಕೆ ಸೇರಿಸಲೇಬೇಕು. ‘ಮಿ ವಿಯೇನೆ ಸೊನ್ನೊ’ ಎಂದರೆ ‘ನನಗೆ ನಿದ್ದೆ ಬರುತ್ತಿದೆ’. ‘ಮಿ ವಿಯೇನೆ ದ ರೀದೆರೆ’ ಎಂದರೆ ‘ನನಗೆ ನಗು ಬರುತ್ತಿದೆ’. ‘ಅಳು ಬರುತ್ತಿದೆ’ ಎನ್ನಲು ‘ರೀದೆರೆ’ಯ ಬದಲು ‘ಪಿಯಂಜೆರೆ’ ಇಟ್ಟರಾಯಿತು. ‘ಮಿ ಎ ವೆನೂತೊ ಇನ್ ಮೆಂತೆ’ ಎಂದರೆ ಮನಸ್ಸಿಗೆ ಬಂತು, ನೆನಪಿಗೆ ಬಂತು. ಈ ಪ್ರಯೋಗಗಳನ್ನು ಇಂಗ್ಲಿಷಿಗೆ ತರುವಾಗ ‘ನನಗೆ ನಗಬೇಕೆಂಬ ಇಚ್ಛೆಯಾಗುತ್ತದೆ’ ಎಂಬಂತಹ ಸುತ್ತುಮಾತು ಬೇಕಾಗುತ್ತದೆ. ಅದರಲ್ಲಿ ಇಚ್ಛೆಯ ಛಾಯೆ ಸೇರಿ ಅರ್ಥವೇ ಓರೆಯಾಗುತ್ತದೆ. ನಗು ಬರುವುದು ಇಚ್ಛೆಯಿಂದಲ್ಲ. ತಾನಾಗಿ ಬರುವ ಅನುಭವಗಳಿಗೆ ‘ಬರು’ ಎಂಬ ಚಲನೆಯ ಕ್ರಿಯಾಪದ, ಅವು ಯಾರ ಬಳಿಗೆ ಬರುತ್ತವೆಯೋ ಅವರಿಗೆ ಚತುರ್ಥಿ. ಇಟಾಲಿಯನ್ ಮತ್ತು ಕನ್ನಡ ಈ ಜಾಗದಲ್ಲಿ ಒಂದನ್ನೊಂದು ಕಂಡವಲ್ಲ. ಆದರೂ ಒಂದೇ ಮಾತನ್ನಾಡುತ್ತವೆ. ‘ಮಿ ಫನ್ನೊ ಮಾಲೆ ಇ ಪಿಯೇದಿ’ ಎಂಬುದರಲ್ಲಿಯೂ ಅಷ್ಟೆ: ‘ನನಗೆ ಕಾಲು ನೋಯುತ್ತಿವೆ’. ಕಾಲು ಯಾರದೆಂದು ಹೇಳಲು ಷಷ್ಠಿ ಬೇಕಿಲ್ಲ, ಚತುರ್ಥಿಯೇ ಸಾಕು.

ಇಲ್ಲಿಗೆ ನಿಲ್ಲಿಸಿದರೆ ಈ ಬರಹ ಕನ್ನಡಾಭಿಮಾನದ ಭಾಷಣವಾದೀತು. ತೆಲುಗನ್ನು ‘ಪೂರ್ವದ ಇಟಾಲಿಯನ್’ ಎಂದು ಕರೆದು ಸಂತೋಷಪಡುವ ರೂಢಿ ನಮ್ಮ ನೆರೆಯಲ್ಲೇ ಇದೆ. ಪದಾಂತ್ಯದ ಸ್ವರವನ್ನು ಕಂಡು ನೆಂಟಸ್ತನ ಬೆಳೆಸುವುದು ಸುಲಭ. ಚತುರ್ಥಿಯ ವಿಷಯದಲ್ಲಿ ಕನ್ನಡ ಇಟಾಲಿಯನ್ನಿಗಿಂತ ಬಹಳ ಮುಂದೆ ಹೋಗಿದೆ ಎಂಬುದೇ ಕನ್ನಡಿಗನ ಮುಂದಿರುವ ನಿಜವಾದ ತೊಡಕು. ‘ನನಗೆ ಹಸಿವಾಗಿದೆ’ ಎನ್ನಲು ಇಟಾಲಿಯನ್ ‘ಒ ಫಾಮೆ’ ಎನ್ನುತ್ತದೆ, ಅಂದರೆ ‘ಹಸಿವನ್ನು ಹೊಂದಿದ್ದೇನೆ’. ಚಳಿ, ಬಾಯಾರಿಕೆ, ಭಯ ಎಲ್ಲವೂ ಹೀಗೆಯೇ. ‘ನನಗೆ ಮೂವತ್ತು ವರ್ಷ’ ಎಂಬುದು ‘ಒ ತ್ರೆಂತನ್ನಿ’, ‘ನನಗೆ ಇಬ್ಬರು ಮಕ್ಕಳು’ ಎಂಬುದು ‘ಒ ದೂಯೆ ಫೀಲ್ಯಿ’. ‘ನನಗೆ ಗೊತ್ತು’ ಎಂಬುದು ‘ಸೊ’. ‘ನನಗೆ ಈಜು ಬರುತ್ತದೆ’ ಎಂಬುದು ‘ಸೊ ನುವೊತಾರೆ’. ಹೊಂದುವಿಕೆಗೆ ಪ್ರತ್ಯೇಕ ಕ್ರಿಯಾಪದವೇ ಇಲ್ಲದ ಕನ್ನಡವು ವಯಸ್ಸು, ಮಕ್ಕಳು, ಹಸಿವು, ಅರಿವು ಎಲ್ಲವನ್ನೂ ‘ನನಗೆ’ ಎಂಬ ಒಂದೇ ಗೂಟಕ್ಕೆ ಕಟ್ಟುತ್ತದೆ. ಇಟಾಲಿಯನ್ನಿನ ‘ಅವೇರೆ’ ಆ ಹೊರೆಯಲ್ಲಿ ಅರ್ಧವನ್ನು ಹೊತ್ತುಕೊಂಡಿದೆ. ಲ್ಯಾಟಿನ್ ಭಾಷೆಯಲ್ಲಿ ‘ನನಗೆ ಪುಸ್ತಕವಿದೆ’ ಎಂಬ ಚತುರ್ಥಿಯ ರಚನೆ ಇತ್ತು. ಇಟಾಲಿಯನ್ ಅದನ್ನು ಬಿಟ್ಟುಕೊಟ್ಟಿತು. ಹಸಿವಿನ ವಿಷಯದಲ್ಲಿ ಒಂದು ಸೂಕ್ಷ್ಮ ಗಮನಾರ್ಹ: ಸ್ಥಿತಿಯನ್ನು ಹೇಳುವಾಗ ‘ಒ ಫಾಮೆ’, ಆ ಸ್ಥಿತಿ ಬಂದೊದಗಿದ್ದನ್ನು ಹೇಳುವಾಗ ‘ಮಿ ಎ ವೆನೂತ ಫಾಮೆ’. ಇರುವುದಕ್ಕೆ ಪ್ರಥಮೆ, ಬರುವುದಕ್ಕೆ ಚತುರ್ಥಿ. ಈ ಗೆರೆಯನ್ನು ಯಾವ ಇಂಗ್ಲಿಷ್ ವ್ಯಾಕರಣವೂ ಸ್ಪಷ್ಟವಾಗಿ ಎಳೆಯಬೇಕಾದ ಪ್ರಸಂಗವಿಲ್ಲ. ಕನ್ನಡಿಗನಿಗೆ ಎಳೆಯದೆ ವಿಧಿಯಿಲ್ಲ.

ಸಾದೃಶ್ಯದ ಮಿತಿ ವಾಕ್ಯರಚನೆಯಲ್ಲಿಯೂ ಇದೆ. ಎಸ್. ಎನ್. ಶ್ರೀಧರ್ 1979ರಲ್ಲಿ ಕನ್ನಡದ ಚತುರ್ಥೀ ಕರ್ತೃಗಳನ್ನು ಕುರಿತು ಬರೆದ ಪ್ರಬಂಧವೂ, ಎಂ. ಕೆ. ವರ್ಮಾ ಮತ್ತು ಕೆ. ಪಿ. ಮೋಹನನ್ 1990ರಲ್ಲಿ ಸಂಪಾದಿಸಿದ ದಕ್ಷಿಣ ಏಷ್ಯಾದ ಅನುಭವಿ ಕರ್ತೃಗಳ ಸಂಪುಟವೂ ಎತ್ತಿದ ಮುಖ್ಯ ಪ್ರಶ್ನೆ ‘ಇದು ಕರ್ತೃವೇ?’ ಎಂಬುದು. ‘ಆ ಸುದ್ದಿ ಕೇಳಿ ಅವಳಿಗೆ ಸಂತೋಷವಾಯಿತು’ ಎಂಬಲ್ಲಿ ಕೇಳಿದವಳು ಅವಳೇ; ಚತುರ್ಥಿಯಲ್ಲಿರುವ ಪದವೇ ‘ಕೇಳಿ’ ಎಂಬ ಕೃದಂತದ ಕರ್ತೃವನ್ನು ನಿರ್ಧರಿಸುತ್ತದೆ, ಯಾವ ಪಂಡಿತನೂ ಇದನ್ನು ತಪ್ಪೆನ್ನುವುದಿಲ್ಲ. ಇಟಾಲಿಯನ್ನಿನ ಶಿಷ್ಟ ವ್ಯಾಕರಣವಾದರೋ ‘ಜೆರುಂದ್ಯೊ’ ಎಂಬ ಸಮಾನ ರೂಪದ ಕರ್ತೃ ಮುಖ್ಯ ವಾಕ್ಯದ ಕರ್ತೃವೇ ಆಗಿರಬೇಕೆಂದು ವಿಧಿಸುತ್ತದೆ. ಆದ್ದರಿಂದ ಸಣ್ಣ ವಾಕ್ಯದಲ್ಲಿ ಕೈಹಿಡಿದು ನಡೆಸಿದ ಕನ್ನಡ ಸಂಯುಕ್ತ ವಾಕ್ಯದಲ್ಲಿ ಕೈಬಿಡಬಹುದು. ಇದು ಆರಂಭಿಕರ ಸಮಸ್ಯೆಯಲ್ಲ, ಎರಡನೆಯ ವರ್ಷದ್ದು. ಆದರೂ ಮೊದಲ ವರ್ಷದ ಶಿಕ್ಷಕರಿಗೆ ತಿಳಿದಿರಬೇಕು.

ಉಳಿದ ಸಂಗತಿಗಳಲ್ಲಿ ಕೆಲವನ್ನು ಬೇಗ ಮುಗಿಸಬಹುದು. ವ್ಯಂಜನ ದ್ವಿತ್ವವನ್ನು ವಿವರಿಸಲು ಇಂಗ್ಲಿಷ್ ಪುಸ್ತಕಗಳು ‘ಬುಕ್‌ಕೇಸ್’ನಂತಹ ಸಮಾಸಗಳನ್ನು ಹುಡುಕಿ ತರುತ್ತವೆ. ‘ಕತೆ’ಗೂ ‘ಕತ್ತೆ’ಗೂ, ‘ಹಳಿ’ಗೂ ‘ಹಳ್ಳಿ’ಗೂ ಭೇದ ಬಲ್ಲವರಿಗೆ ‘ಕಪೆಲ್ಲೊ’ (ಕೂದಲು), ‘ಕಪ್ಪೆಲ್ಲೊ’ (ಟೋಪಿ) ಎಂದು ಕನ್ನಡದಲ್ಲಿ ಬರೆದು ತೋರಿಸಿದರೆ ಮುಗಿಯಿತು. ಒತ್ತಕ್ಷರ ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. ಸ್ವರದಲ್ಲಿ ಮಾತ್ರ ಜಾಗರೂಕತೆ ಬೇಕು. ‘ಸೇತೆ’ (ಬಾಯಾರಿಕೆ), ‘ಸೆತ್ತೆ’ (ಏಳು) ಎಂಬ ಜೋಡಿಯಲ್ಲಿ ಕನ್ನಡದ ಕಿವಿ ಮೊದಲು ಹಿಡಿಯುವುದು ಸ್ವರದ ಹ್ರಸ್ವದೀರ್ಘವನ್ನು, ಏಕೆಂದರೆ ನಮ್ಮಲ್ಲಿ ಅದು ಸ್ವತಂತ್ರ ಧ್ವನಿಮಾ. ಇಟಾಲಿಯನ್ನಿನಲ್ಲಿ ದೀರ್ಘವು ಒತ್ತು ಮತ್ತು ಅಕ್ಷರರಚನೆಗಳ ಫಲವಷ್ಟೆ. ನಾನು ಇಲ್ಲಿ ದೀರ್ಘವನ್ನು ಗುರುತಿಸಿ ಬರೆದದ್ದು ಇದನ್ನು ತೋರಿಸುವುದಕ್ಕಾಗಿಯೇ. ಎಕಾರ ಒಕಾರಗಳ ವಿವೃತ ಸಂವೃತ ಭೇದಕ್ಕೆ ಕನ್ನಡ ಲಿಪಿಯಲ್ಲಿ ಜಾಗವೇ ಇಲ್ಲ: ಪೀಚ್ ಹಣ್ಣು, ಮೀನುಗಾರಿಕೆ ಎರಡೂ ‘ಪೆಸ್ಕ’ ಆಗಿಬಿಡುತ್ತವೆ. ವ್ಯಾಕರಣಲಿಂಗದ ವಿಷಯದಲ್ಲಿ ಕನ್ನಡದ ನೆರವು ಏನೂ ಇಲ್ಲ, ಹಿಂದಿ ಬಲ್ಲವರು ಅದನ್ನು ನೆನೆಯಲಿ. ಶಬ್ದಗಳಲ್ಲಿ ‘ದೊಪೊದೊಮಾನಿ’ಯನ್ನು ಮೂರು ನಾಲ್ಕು ಇಂಗ್ಲಿಷ್ ಪದಗಳ ಮೂಲಕ ಕಲಿಯುವುದಕ್ಕಿಂತ ‘ನಾಡಿದ್ದು’ ಎಂದು ಕಲಿಯುವುದು ಮೇಲು.

ಇದೆಲ್ಲ ಪಠ್ಯರಚನೆಯ ಚಿಕ್ಕಪುಟ್ಟ ತಿದ್ದುಪಡಿಗಳೆಂದು ಸಂಶೋಧಕರು ಪಕ್ಕಕ್ಕಿಡುವಂತಿಲ್ಲ. ಮೂರನೆಯ ಭಾಷೆಯ ಗಳಿಕೆಯನ್ನು ಕುರಿತು ಇಂದು ಚರ್ಚೆಯಲ್ಲಿರುವ ಮಾದರಿಗಳನ್ನು ನೋಡಿ. ಕಮಿಲ್ಲಾ ಬಾರ್ಡೆಲ್ ಮತ್ತು ಇಲ್ವಾ ಫಾಲ್ಕ್ 2007ರಲ್ಲಿ ಮುಂದಿಟ್ಟ ವಾದದಂತೆ, ಮೂರನೆಯ ಭಾಷೆಯನ್ನು ಕಲಿಯುವಾಗ ಎರಡನೆಯ ಭಾಷೆಯು ಶೋಧಕದಂತೆ ಅಡ್ಡ ನಿಂತು ಮಾತೃಭಾಷೆಯ ವಾಕ್ಯರಚನೆಯನ್ನು ತಡೆಯುತ್ತದೆ. ಜೇಸನ್ ರಾತ್‌ಮನ್ 2011ರಲ್ಲಿ ವಿವರಿಸಿದ ಮಾದರಿಯಂತೆ, ಕಲಿಯುವವನ ಮನಸ್ಸು ಹೊಸ ಭಾಷೆಗೆ ಒಟ್ಟಾರೆ ಹತ್ತಿರವೆಂದು ಗ್ರಹಿಸಿದ ಭಾಷೆಯಿಂದ ವರ್ಗಾವಣೆ ನಡೆಯುತ್ತದೆ. ಲಿಪಿ, ಲ್ಯಾಟಿನ್ ಮೂಲದ ಶಬ್ದರಾಶಿ ಇವುಗಳ ಬಲದಿಂದ ಇಂಗ್ಲಿಷೇ ಹತ್ತಿರವೆಂದು ತೋರುವುದು ಸಹಜ. ಎರಡು ಮಾದರಿಗಳೂ ಬೇರೆ ಬೇರೆ ಕಾರಣಗಳಿಂದ ಒಂದೇ ಭವಿಷ್ಯ ನುಡಿಯುತ್ತವೆ: ಕನ್ನಡ ಮಾತೃಭಾಷೆಯ, ಇಂಗ್ಲಿಷ್ ಬಲ್ಲ ವಿದ್ಯಾರ್ಥಿಯು ‘ಅಂಕೆ ಅ ಮೆ’ಯ ಜಾಗದಲ್ಲಿ ‘ಅಂಕೀಯೊ’ ಎನ್ನುತ್ತಾನೆ. ಅವನು ಹಾಗೆ ಅಂದನೆಂದೇ ಇಟ್ಟುಕೊಳ್ಳೋಣ. ಅದು ಅವನ ಮನಸ್ಸಿನೊಳಗೆ ನಡೆದ ವರ್ಗಾವಣೆಯೇ, ಪುಸ್ತಕವು ಕೈಹಿಡಿದು ಮಾಡಿಸಿದ ವರ್ಗಾವಣೆಯೇ? ಬೋಧನೆಯ ಮಾಧ್ಯಮ ಇಂಗ್ಲಿಷಾಗಿರುವವರೆಗೆ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ. ಕನ್ನಡದ ಮೂಲಕ ಇಟಾಲಿಯನ್ ಕಲಿತ ಒಂದು ಗುಂಪು, ಇಂಗ್ಲಿಷಿನ ಮೂಲಕ ಕಲಿತ ಇನ್ನೊಂದು ಗುಂಪು, ಇಬ್ಬರ ಮುಂದೆಯೂ ಅವೇ ವಾಕ್ಯಗಳು: ಚತುರ್ಥೀ ಅನುಭವಿಯ ರಚನೆ ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಇಲ್ಲಿ ಮಾತೃಭಾಷೆ ಮತ್ತು ಮೂರನೆಯ ಭಾಷೆ ಒಂದು ಕಡೆ, ಎರಡನೆಯದು ಇನ್ನೊಂದು ಕಡೆ. ವಿಷಯ ಹುಡುಕುತ್ತಿರುವ ಪಿಎಚ್.ಡಿ. ವಿದ್ಯಾರ್ಥಿಗಳು ಗಮನಿಸಬೇಕು.

ತರಗತಿಯಾಚೆಗೂ ಇದರ ಪರಿಣಾಮವಿದೆ. ಇಟಲಿಯಲ್ಲಿ ದೀರ್ಘಾವಧಿಯ ವಾಸದ ಪರವಾನಗಿ ಕೋರುವವರು 2010ರಿಂದ ಎ2 ಮಟ್ಟದ ಭಾಷಾಜ್ಞಾನವನ್ನು ತೋರಿಸಬೇಕು. ಮದುವೆಯ ಅಥವಾ ವಾಸದ ಆಧಾರದ ಮೇಲೆ ಪೌರತ್ವ ಕೋರುವವರು 2018ರಿಂದ ಬಿ1 ಮಟ್ಟವನ್ನು ಮುಟ್ಟಿರಬೇಕು. ಭಾರತದಿಂದ ಹೋದವರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಷ್ಟೇ ಅಲ್ಲ, ಪೋ ನದಿಯ ಬಯಲಿನ ಹೈನುಗಾರಿಕೆಯಲ್ಲಿ ದುಡಿಯುವ ಪಂಜಾಬಿಗಳಂತಹವರೂ ಇದ್ದಾರೆ. ಅವರ ಪಂಜಾಬಿಯಲ್ಲಿಯೂ ಅನುಭವಿ ಚತುರ್ಥಿಯಲ್ಲೇ ನಿಲ್ಲುತ್ತಾನೆ. ಕಾಲಿನ್ ಮಸಿಕ 1976ರಲ್ಲಿ ಈ ರಚನೆಯನ್ನು ಇಡೀ ದಕ್ಷಿಣ ಏಷ್ಯಾದ ಭಾಷಾವಲಯದ ಲಕ್ಷಣವೆಂದು ಪರಿಗಣಿಸಿದ್ದರು. ಇಂಗ್ಲಿಷ್ ಅರೆಬರೆ ಬಲ್ಲವನಿಗೆ ಇಂಗ್ಲಿಷಿನ ಮೂಲಕ ಇಟಾಲಿಯನ್ ಕಲಿಸುವುದೆಂದರೆ ಒಂದು ಪರೀಕ್ಷೆಗೆ ಎರಡು ಶುಲ್ಕ ವಸೂಲಿ ಮಾಡಿದಂತೆ.

ಕನ್ನಡಕ್ಕೆ ಸಂಸ್ಕೃತದ ಚೌಕಟ್ಟನ್ನು ತೊಡಿಸಿದ್ದನ್ನು ಪ್ರಶ್ನಿಸಿ, ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ಪುಸ್ತಕದ ಹೆಸರಿನಲ್ಲೇ ಘೋಷಿಸಿದರು. ಆ ಚರ್ಚೆಯಲ್ಲಿ ಯಾವ ಪಕ್ಷದಲ್ಲಿದ್ದವರಾದರೂ, ಪರಭಾಷೆಗಳನ್ನು ಕಲಿಯುವಾಗ ಮಾತ್ರ ಇಂಗ್ಲಿಷಿನ ಚೌಕಟ್ಟನ್ನು ಚೌಕಟ್ಟೆಂದು ನಾವು ಗುರುತಿಸುವುದೇ ಇಲ್ಲ. ಈ ರೂಢಿ ಹಳೆಯದು. ಮಂಗಳೂರಿನಲ್ಲಿ ನೆಲೆಸಿದ್ದ ಇಟಾಲಿಯನ್ ಜೆಸ್ಯುಯಿಟ್ ಪಾದ್ರಿ ಮಫೆಯಿ ಅವರ ಕೊಂಕಣಿ ವ್ಯಾಕರಣ 1882ರಲ್ಲಿ ಪ್ರಕಟವಾದದ್ದು ಇಂಗ್ಲಿಷಿನಲ್ಲಿ. ‘ಮಿ’ ಎನ್ನುವವನೂ ‘ಮಾಕಾ’ ಎನ್ನುವವರೂ ಎದುರುಬದುರು ಕುಳಿತಿದ್ದರು, ನಡುವೆ ‘ಐ’ ಬಂದು ನಿಂತಿತು. ಓದುಗರು ಯಾರೆಂಬುದನ್ನು ನೆನೆದರೆ ಅಂದು ಅದಕ್ಕೆ ಕಾರಣಗಳಿದ್ದವು.

ಇಂದು ಕನ್ನಡಿಗರಿಗಾಗಿ ಮೊದಲ ಪಾಠವನ್ನು ಬರೆಯುವವರು ಹೋಟೆಲಿನಲ್ಲಿ ಕಾಫಿ ಕೇಳುವ ಸಂಭಾಷಣೆಯಿಂದ ಆರಂಭಿಸುವ ವಾಡಿಕೆಯನ್ನು ಉಳಿಸಿಕೊಳ್ಳಲಿ. ಆದರೆ ‘ನನಗೊಂದು ಕಾಫಿ ಬೇಕು’ ಎಂಬುದಕ್ಕೆ ‘ಮಿ ಸೆರ್ವೆ’ ಸಲ್ಲದು, ‘ವೊರ್ರೇಯಿ’ ಎಂಬ ಪ್ರಥಮಾ ಕರ್ತೃವಿನ ವಿನಯರೂಪವೇ ಬೇಕು ಎಂದು ಅಲ್ಲಿಯೇ ತಿಳಿಸಲಿ. ‘ಸಕ್ಕರೆ ಬೇಡವೇ?’ ಎಂದು ಕೇಳಿದಾಗ ‘ಬಸ್ತ ಕೊಸಿ’, ಇಷ್ಟೇ ಸಾಕು, ಎಂಬ ಉತ್ತರವನ್ನು ಅದೇ ಪುಟದಲ್ಲಿ ಕೊಡಲಿ. ಒಂದೇ ಕನ್ನಡದ ‘ನನಗೆ’ ಇಟಾಲಿಯನ್ನಿನಲ್ಲಿ ಎಲ್ಲಿ ‘ಮಿ’ ಆಗುತ್ತದೆ, ಎಲ್ಲಿ ಕ್ರಿಯಾಪದದ ಕೊನೆಯಲ್ಲಿ ಅಡಗಿದ ‘ನಾನು’ ಆಗುತ್ತದೆ ಎಂಬುದು ಆ ಒಂದು ಬಟ್ಟಲು ಕಾಫಿ ಆರುವುದರೊಳಗೆ ಗೋಚರವಾಗುತ್ತದೆ.